ತಳ್ಳುಗಾಡಿಯೋ, ಮಾರ್ಕೆಟ್ಟೋ, ಆಪೋ: ಮನೆಗೆ ಸಂತೆ ಎಲ್ಲಿ ಮಾಡೋದು?

ನನ್ನ ಚಿಕ್ಕಮ್ಮನ ಮಗಳು ಮದುವೆಯಾಗಿ ಬೆಂಗಳೂರಿಗೆ ಬಂದು ಆರು ತಿಂಗಳಾಯಿತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಸ್ವಲ್ಪ ದಿನದ ಹಿಂದೆ ಫೋನ್ ಮಾಡಿದ್ದಳು. "ಅಕ್ಕಾ, ನೀನು ತರಕಾರಿ, ದಿನಸಿ ಎಲ್ಲಿ ತಗೋತೀಯ? ಇಬ್ಬರೇ ಇರೋ ಮನೆಗೆ ಇಷ್ಟೊಂದು ಖರ್ಚಾಗುತ್ತಾ?" ಅಂದಳು. ಈಗ ಫ್ರಿಜ್ ತೆಗೆದು ಒಳಗೆ ಏನಿದೆ ಹೇಳು ಅಂದೆ. ಎರಡು ಮೆತ್ತಗಾದ ಸೌತೆಕಾಯಿ, ಕಪ್ಪಾದ ಕೊತ್ತಂಬರಿ ಕಟ್ಟು, ಸೀಲ್ ಒಡೆಯದ ಮೂರು ಸಾಸ್ ಬಾಟಲಿ. ಅಡುಗೆಗೆ ಬೇಕಾದ ಹಸಿಮೆಣಸಿನಕಾಯಿ ಮಾತ್ರ ಇಲ್ಲ.

ಈ ಪ್ರಶ್ನೆ ಅವಳೊಬ್ಬಳದ್ದಲ್ಲ. ನಮ್ಮ ಅಮ್ಮಂದಿರಿಗೆ ಒಂದು ಸಂತೆ, ಒಂದು ಶೆಟ್ಟರ ಅಂಗಡಿ ಇತ್ತು, ಅಲ್ಲಿಗೆ ಮುಗಿಯಿತು. ನಮಗೆ ಬಾಗಿಲಿಗೆ ಬರುವ ಗಾಡಿ ಇದೆ, ರೈತರ ಸಹಕಾರ ಸಂಘದ ಹಾಪ್‌ಕಾಮ್ಸ್ ಮಳಿಗೆ ಇದೆ, ಬೀದಿ ಕೊನೆಯ ಅಂಗಡಿ ಇದೆ, ಸೂಪರ್ ಮಾರ್ಕೆಟ್ ಇದೆ, ಹತ್ತು ನಿಮಿಷದಲ್ಲಿ ತಂದುಕೊಡುವ ಆಪ್ ಇದೆ. ಎಲ್ಲ ಕಡೆಯೂ ನಾನು ವರ್ಷಗಟ್ಟಲೆ ಕೊಂಡಿದ್ದೇನೆ. ಲಾಭವೂ ಆಗಿದೆ, ಮೋಸವೂ ಹೋಗಿದ್ದೇನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಏನನ್ನು ನೋಡಿ ಅಳೆಯಬೇಕು

ಎಲ್ಲರೂ ಮೊದಲು ನೋಡುವುದು ಬೆಲೆ. ಸರಿಯೇ. ಆದರೆ ಬೋರ್ಡಿನ ಮೇಲಿನ ಬೆಲೆ ಬೇರೆ, ನಾವು ತಿಂದದ್ದರ ಬೆಲೆ ಬೇರೆ. ಕೆಜಿಗೆ 20 ರೂಪಾಯಿ ಅಂತ ಐದು ಕೆಜಿ ಟೊಮೇಟೊ ತಂದಿರಿ ಅನ್ನಿ. ಕೊಟ್ಟದ್ದು 100 ರೂಪಾಯಿ. ಅದರಲ್ಲಿ ಒಂದೂವರೆ ಕೆಜಿ ಕೊಳೆತು ಹೋಯಿತು. ಉಳಿದದ್ದು ಮೂರೂವರೆ ಕೆಜಿ. ಅಂದರೆ ಕೆಜಿಗೆ 28 ರೂಪಾಯಿಗಿಂತ ಜಾಸ್ತಿಯೇ ಬಿತ್ತು. ಪಕ್ಕದ ಬೀದಿಯಲ್ಲಿ 28ಕ್ಕೆ ಬೇಕಾದಷ್ಟೇ ತಂದಿದ್ದರೆ ಅಷ್ಟು ಭಾರ ಹೊತ್ತು ತರುವ ಕಷ್ಟವಾದರೂ ತಪ್ಪುತ್ತಿತ್ತು. ಹೋಗಿ ಬರುವ ಆಟೋ, ಪಾರ್ಕಿಂಗ್, ಡೆಲಿವರಿ ಶುಲ್ಕ ಎಲ್ಲವನ್ನೂ ಇದಕ್ಕೆ ಸೇರಿಸಬೇಕು.

ಎರಡನೆಯದು, ಕೈಯಲ್ಲಿ ಮುಟ್ಟಿ ಆರಿಸಲು ಬಿಡುತ್ತಾರಾ ಅನ್ನುವುದು. ಉಪ್ಪಿನ ಪ್ಯಾಕೆಟ್ಟಿಗೆ ಇದು ಬೇಕಿಲ್ಲ. ಬೆಂಡೆಕಾಯಿಗೆ ಬೇಕೇ ಬೇಕು. ಮೂರನೆಯದು ತೂಕ. ನಾಲ್ಕನೆಯದು ನಿಮ್ಮ ಸಮಯ ಮತ್ತು ಮೈಯ ಶಕ್ತಿ. ಮಂಡಿ ನೋವಿರುವವರಿಗೆ ಹತ್ತು ರೂಪಾಯಿ ಉಳಿಸಲು ಎರಡು ಕಿಲೋಮೀಟರ್ ನಡೆಯಿರಿ ಅಂತ ಹೇಳುವುದು ಸರಿಯಲ್ಲ. ಐದನೆಯದು, ಕೆಟ್ಟ ಮಾಲು ಬಂದರೆ ಯಾರು ವಾಪಸ್ ತಗೋತಾರೆ ಅನ್ನುವುದು.

ಆರನೆಯದು, ಕೊನೆಯದು, ಒಂದಿದೆ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಜಾಗಕ್ಕೆ ಹೋದರೆ ಬೇಡದ ಸಾಮಾನು ಎಷ್ಟು ಮನೆಗೆ ಬರುತ್ತದೆ? ನನ್ನ ತಂಗಿಯ ಮೂರು ಸಾಸ್ ಬಾಟಲಿ ಬಂದದ್ದು ಹೀಗೆಯೇ. ನನ್ನ ಅನುಭವದಲ್ಲಿ ತಿಂಗಳ ಖರ್ಚು ಏರುವುದು ಟೊಮೇಟೊ ಬೆಲೆಯಿಂದಲ್ಲ, ಇದರಿಂದ.

ಬಾಗಿಲಿಗೆ ಬರುವ ಗಾಡಿ

ನಮ್ಮ ಬೀದಿಗೆ ಬೆಳಿಗ್ಗೆ ಏಳೂವರೆಗೆ ಸೊಪ್ಪಿನವರು ಬರುತ್ತಾರೆ. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್. ಒಂದೊಂದು ದಿನ ಹೊನಗನ್ನೆಯೂ ಇರುತ್ತದೆ. ಸೊಪ್ಪಿನ ವಿಷಯದಲ್ಲಿ ಇವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಬೇರಿನ ಮಣ್ಣು ಇನ್ನೂ ಹಸಿಯಾಗಿರುತ್ತದೆ. ಹತ್ತು ಗಂಟೆಯ ಮೇಲೆ ಅದೇ ಸೊಪ್ಪು ಬಿಸಿಲಿಗೆ ಸೊರಗಿರುತ್ತದೆ. ಅದಕ್ಕೇ ಮೊದಲ ಸುತ್ತಿನಲ್ಲೇ ತಗೊಳ್ಳಿ.

ಮಾರ್ಕೆಟ್ಟಿಗಿಂತ ಗಾಡಿಯಲ್ಲಿ ಬೆಲೆ ಸ್ವಲ್ಪ ಜಾಸ್ತಿ. ಅವರು ಬೆಳಗಿನ ಜಾವ ಎದ್ದು ಮಂಡಿಗೆ ಹೋಗಿ, ತಂದು, ತಳ್ಳಿಕೊಂಡು ನಮ್ಮ ಬಾಗಿಲಿಗೆ ಬಂದಿರುತ್ತಾರೆ. ಆ ಹೆಚ್ಚಿನ ದುಡ್ಡು ಅವರಿಗೆ ಸಲ್ಲಬೇಕಾದ್ದೇ. ಇಲ್ಲಿ ನಾನು ಬೆಲೆ ಇಳಿಸು ಅಂತ ಕೇಳುವುದಿಲ್ಲ. ಕೊಸರು ಕೇಳುತ್ತೇನೆ. "ಅಮ್ಮಾ, ನಾಲ್ಕು ಎಸಳು ಕರಿಬೇವು ಹಾಕಿ" ಅಂದರೆ ಇಲ್ಲ ಅಂದದ್ದೇ ಇಲ್ಲ. ಎರಡು ಹಸಿಮೆಣಸಿನಕಾಯಿಯನ್ನೂ ತಾವೇ ಸೇರಿಸುತ್ತಾರೆ. ಅವರಿಗೂ ಭಾರವಲ್ಲ, ನನಗೂ ಲಾಭ.

ಬೋಣಿಯ ಹೊತ್ತಿನಲ್ಲಿ ಮಾತ್ರ ಸ್ವಲ್ಪ ಎಚ್ಚರ ಇರಲಿ. ಒಮ್ಮೆ ಬೆಲೆ ಕೇಳಿ ಬೇಡ ಅಂತ ಒಳಗೆ ಹೊರಟೆ. "ಬೋಣಿ ಹೊತ್ನಲ್ಲಿ ಹಂಗೆ ಹೋಗ್ಬೇಡ ತಾಯಿ, ನೀನು ಕೊಟ್ಟಷ್ಟು ಕೊಡು" ಅಂದರು. ಬೇಡದಿದ್ದ ಬದನೆಕಾಯಿ ಅರ್ಧ ಕೆಜಿ ಬಂತು. ಅವತ್ತು ಎಣ್ಣೆಗಾಯಿ ಮಾಡಿದೆ, ಚೆನ್ನಾಗಿಯೇ ಆಯಿತು. ಕೊಳ್ಳುವ ಮನಸ್ಸಿಲ್ಲದಿದ್ದರೆ ಅವತ್ತಿನ ಮೊದಲ ಗಿರಾಕಿಯಾಗಿ ಬೆಲೆ ಕೇಳಬೇಡಿ.

ಗಾಡಿಯ ಕೊರತೆ ಅಂದರೆ ಆಯ್ಕೆ ಕಡಿಮೆ, ಬಿಲ್ ಇಲ್ಲ, ತೂಕದಲ್ಲಿ ಅನುಮಾನ. ತೂಕಕ್ಕೆ ಒಂದು ಸುಲಭ ದಾರಿ ಇದೆ. ಒಂದು ಕೆಜಿ ಉಪ್ಪಿನ ಹೊಸ ಪ್ಯಾಕೆಟ್ಟನ್ನು ತಕ್ಕಡಿಯ ಮೇಲಿಡಿ. ಒಂದು ಕೆಜಿಗಿಂತ ಕೂದಲೆಳೆ ಜಾಸ್ತಿ ತೋರಿಸಿದರೆ ತಕ್ಕಡಿ ಸರಿಯಿದೆ, ಯಾಕಂದರೆ ಕವರಿನ ತೂಕವೂ ಸೇರುತ್ತದೆ. ತುಂಬಾ ಜಾಸ್ತಿ ತೋರಿಸಿದರೆ ನಿಮ್ಮ ತರಕಾರಿ ಅಷ್ಟು ಕಡಿಮೆ ಬರುತ್ತಿದೆ ಅಂತ ಅರ್ಥ. ಇದನ್ನು ಜಗಳದ ಧಾಟಿಯಲ್ಲಿ ಮಾಡಬೇಡಿ. "ಈ ಪ್ಯಾಕೆಟ್ ಎಷ್ಟಿದೆ ನೋಡಣ್ಣಾ" ಅಂತ ಸುಮ್ನೆ ಕೇಳಿ. ತೂಗುವ ಮೊದಲು ಸೊನ್ನೆ ಇದೆಯಾ ಅಂತಲೂ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪ್ರತಿ ವರ್ಷ ಮುದ್ರೆ ಹಾಕಿಸಬೇಕು ಅನ್ನುವುದು ನಿಯಮ. ಅಂಗಡಿಗಳಲ್ಲಿ ಅದನ್ನು ಕೇಳುವ ಹಕ್ಕು ನಮಗಿದೆ.

ದೊಡ್ಡ ಮಾರುಕಟ್ಟೆ

ಬೆಂಗಳೂರಿನವರಿಗೆ ಮಾರ್ಕೆಟ್ ಅಂದರೆ ಕೆ.ಆರ್. ಮಾರ್ಕೆಟ್. 1928ರಿಂದ ಇದೆ. ಪಕ್ಕದಲ್ಲೇ ಕಲಾಸಿಪಾಳ್ಯದ ಸಗಟು ತರಕಾರಿ. ಈರುಳ್ಳಿ, ಆಲೂಗಡ್ಡೆ ಸಗಟಾಗಿ ಬೇಕಾದವರು ಯಶವಂತಪುರದ ಎಪಿಎಂಸಿ ಕಡೆ ಹೋಗುತ್ತಾರೆ. ಮೈಸೂರಿನವರಿಗೆ ದೇವರಾಜ ಮಾರುಕಟ್ಟೆ ಇದೆ. ಸಣ್ಣ ಪ್ರಮಾಣದಲ್ಲಿ ಅದೇ ಸಂತೋಷ ಬೇಕು ಅನ್ನುವವರಿಗೆ ಗಾಂಧಿ ಬಜಾರ್, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆ, ಮಡಿವಾಳ ಇವೆ.

ಇಲ್ಲಿ ಬೆಲೆ ಕಡಿಮೆ, ಬಗೆ ಜಾಸ್ತಿ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿಯ ರಾಶಿ ನೋಡಬೇಕು. ಸೊಗಡಿನ ಕಾಯಿ ಹಿಡಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ, ಮೂಗಿಗೆ ವಾಸನೆ ಹೊಡೆಯುತ್ತದೆ. ಆ ಪರೀಕ್ಷೆಯನ್ನು ಯಾವ ಫೋಟೋ ನೋಡಿಯೂ ಮಾಡಲು ಆಗುವುದಿಲ್ಲ. ಹಿಸುಕಿದ ಬೇಳೆಯನ್ನೂ ಅಲ್ಲೇ ಮಾರುತ್ತಾರೆ. ಬೆಲೆ ದುಬಾರಿ ಅನ್ನಿಸಿದರೂ, ಎರಡು ಗಂಟೆ ಕೂತು ಹಿಸುಕಿದವರಿಗೆ ಅದು ದುಬಾರಿ ಅಲ್ಲ ಅಂತ ಗೊತ್ತು.

ಆದರೆ ಇಬ್ಬರೇ ಇರುವ ಮನೆಗೆ ಇದು ವಾರ ವಾರದ ಜಾಗವಲ್ಲ. ನಾನು ಒಮ್ಮೆ ಲೆಕ್ಕ ಹಾಕಿದೆ. ಹೋಗಿ ಬರಲು ಆಟೋಗೆ 260 ರೂಪಾಯಿ ಕೊಟ್ಟೆ. ತರಕಾರಿಯಲ್ಲಿ ಉಳಿದದ್ದು ಸುಮಾರು 150. ಈಗ ಮೆಟ್ರೋದಲ್ಲಿ ಹೋಗುತ್ತೇನೆ. ಹಸಿರು ಮಾರ್ಗದಲ್ಲಿ ಮಾರ್ಕೆಟ್ ಪಕ್ಕದಲ್ಲೇ ನಿಲ್ದಾಣ ಇದೆ, ಹಾಗಾಗಿ ಲೆಕ್ಕ ಸರಿ ಬರುತ್ತದೆ. ಆದರೂ ಎರಡು ಕೈಯಲ್ಲಿ ಚೀಲ ಹಿಡಿದು ಮೆಟ್ಟಿಲು ಹತ್ತುವ ತ್ರಾಣ ಇರಬೇಕು.

ಇನ್ನೊಂದು ತೊಂದರೆ ಗುಡ್ಡೆ ಲೆಕ್ಕ. "ಗುಡ್ಡೆ ಇಪ್ಪತ್ತು, ಗುಡ್ಡೆ ಇಪ್ಪತ್ತು" ಅಂತ ಕೂಗುವಾಗ ಮೇಲಿನ ನಾಲ್ಕು ಕಾಯಿ ಹೊಳೆಯುತ್ತಿರುತ್ತವೆ. ಕೆಳಗಿನದ್ದು ಚೀಲಕ್ಕೆ ಬಿದ್ದ ಮೇಲೆಯೇ ಕಾಣುವುದು. ಅಂಥ ಗುಡ್ಡೆಯನ್ನು ಅವತ್ತೇ ಅಡುಗೆ ಮಾಡುವುದಿದ್ದರೆ ಮಾತ್ರ ಕೊಳ್ಳಿ. ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಬೆಲೆ ಇಳಿಯುತ್ತದೆ, ನಿಜ. ಆಗ ಉಳಿದಿರುವುದು ಹತ್ತು ಜನ ಮುಟ್ಟಿ ಬಿಟ್ಟದ್ದು.

ಮನೆಯಲ್ಲಿ ನಾಮಕರಣ, ಗೃಹಪ್ರವೇಶ, ವ್ರತ ಇದ್ದರೆ ಎರಡನೇ ಯೋಚನೆ ಬೇಡ. ಬಾಳೆಎಲೆ, ವೀಳ್ಯದೆಲೆ, ಹೂವು, ತೆಂಗಿನಕಾಯಿ, ಹತ್ತು ಕೆಜಿ ತರಕಾರಿ ಅಂದಾಗ ಮಾರ್ಕೆಟ್ಟೇ ಸರಿ. ನಾಲ್ಕು ಮನೆಯವರು ಸೇರಿ ಹೋಗಿ ಹಂಚಿಕೊಂಡರೂ ಲಾಭವಿದೆ. ಬೆಳಗಿನ ಆರಕ್ಕೆ ಹೋಗಿ, ಎಂಟರೊಳಗೆ ಹೊರಟುಬಿಡಿ.

ಹಾಪ್‌ಕಾಮ್ಸ್

ಮಾತಾಡಲು, ಚೌಕಾಸಿ ಮಾಡಲು ಸಂಕೋಚಪಡುವವರಿಗೆ ನಾನು ಮೊದಲು ಹೇಳುವುದು ಹಾಪ್‌ಕಾಮ್ಸ್. ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಆಸಕ್ತಿಯಿಂದ 1959ರಲ್ಲಿ ಶುರುವಾದ ರೈತರ ಸಹಕಾರ ಸಂಘ ಇದು. ಮೊದಲು ದ್ರಾಕ್ಷಿ ಬೆಳೆಗಾರರಿಗಾಗಿ ಇತ್ತು, ಆಮೇಲೆ ಎಲ್ಲ ಹಣ್ಣು ತರಕಾರಿಗೂ ಬಂತು. ಲಾಲ್‌ಬಾಗಿನಲ್ಲಿ ಇದರ ಕಚೇರಿ. ದಿನದ ದರ ನಿಗದಿಯಾಗಿರುತ್ತದೆ, ಮಳಿಗೆಯಲ್ಲಿ ಬರೆದು ಹಾಕಿರುತ್ತಾರೆ. ಹೊಸಬರಿಗೊಂದು ದರ, ಹಳಬರಿಗೊಂದು ದರ ಅನ್ನುವುದಿಲ್ಲ. ಬಿಲ್ ಕೊಡುತ್ತಾರೆ.

ಕೊರತೆಯೂ ಇದೆ. ಸಂಜೆ ಹೋದರೆ ಸೊಪ್ಪು ಖಾಲಿ. ಕೆಲವು ಮಳಿಗೆಯಲ್ಲಿ ಮಾಲು ಕಡಿಮೆ. ನಿಮ್ಮ ಮನೆಯ ಹತ್ತಿರದ್ದು ಚೆನ್ನಾಗಿದೆಯಾ ಅಂತ ಎರಡು ಸಲ ಬೆಳಿಗ್ಗೆ ಹೋಗಿ ನೋಡಿ. ಬೇಸಿಗೆಯಲ್ಲಿ ದ್ರಾಕ್ಷಿ, ಕಲ್ಲಂಗಡಿ, ಮಾವಿನ ಮೇಳಗಳನ್ನು ಮಾಡುತ್ತಾರೆ, ಆಗ ರಿಯಾಯಿತಿಯೂ ಸಿಗುತ್ತದೆ. ಹಣ್ಣಿಗೆ ನಾನು ಕಾಯುವುದು ಅದಕ್ಕೇ.

ಬೀದಿ ಕೊನೆಯ ದಿನಸಿ ಅಂಗಡಿ

ಇದರ ಬಗ್ಗೆ ನನಗೆ ಪಕ್ಷಪಾತ ಇದೆ, ಕಾರಣವನ್ನೂ ಹೇಳುತ್ತೇನೆ. ಅಕ್ಕಿ.

ಸೋನಾ ಮಸೂರಿ ಅಂತ ಎಲ್ಲ ಕಡೆಯೂ ಸಿಗುತ್ತದೆ. ಆದರೆ ಹೊಸ ಅಕ್ಕಿಯೋ, ಹಳೇ ಅಕ್ಕಿಯೋ ಅನ್ನುವುದರ ಮೇಲೆ ಅನ್ನ ನಿಂತಿದೆ. ಹೊಸ ಅಕ್ಕಿಗೆ ನೀರು ಸ್ವಲ್ಪ ಜಾಸ್ತಿಯಾದರೂ ಮುದ್ದೆಯಾಗಿ ಕೂರುತ್ತದೆ. ಚಿತ್ರಾನ್ನ, ಪುಳಿಯೋಗರೆಗೆ ಅದು ಆಗದು. ಅಂಗಡಿಯಣ್ಣನನ್ನು ಕೇಳಿದರೆ, "ಇದು ಹೊಸದು ಅಕ್ಕಾ, ನೀರು ಕಡಿಮೆ ಇಡಿ. ಹಳೇದು ಬೇಕಾ? ಅದು ಎಂಟು ರೂಪಾಯಿ ಜಾಸ್ತಿ" ಅಂತ ಹೇಳುತ್ತಾರೆ. ಮೂಟೆಯಿಂದ ಒಂದು ಹಿಡಿ ತೆಗೆದು ಅಂಗೈಗೆ ಹಾಕುತ್ತಾರೆ. ಮೊದಲು ಒಂದು ಕೆಜಿ ತಂದು ಅನ್ನ ಮಾಡಿ ನೋಡಿ, ಒಪ್ಪಿಗೆಯಾದರೆ ಮೂಟೆ ತಗೊಳ್ಳಬಹುದು. ಇಂಥ ಅವಕಾಶ ಬೇರೆ ಎಲ್ಲಿದೆ?

ಸಾರಿನ ಪುಡಿಗೆ ಮೆಣಸಿನಕಾಯಿ ಕೊಳ್ಳುವಾಗಲೂ ಹೀಗೇ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಗುಂಟೂರು ಖಾರ. ಎರಡನ್ನೂ ಎಷ್ಟೆಷ್ಟು ಬೆರೆಸಬೇಕು ಅಂತ ಆ ಬೀದಿಯ ಎಲ್ಲ ಮನೆಗೂ ಸಾಮಾನು ಕೊಟ್ಟವರಿಗೆ ಗೊತ್ತಿರುತ್ತದೆ. ತೊಗರಿಬೇಳೆ ಬೇಗ ಬೇಯುತ್ತದಾ ಅಂತಲೂ ಅವರನ್ನೇ ಕೇಳಿ. ಬೇಯದಿದ್ದರೆ ನಾಳೆ ನೀವು ಅದೇ ಅಂಗಡಿ ಮುಂದೆ ನಿಲ್ಲುತ್ತೀರಿ ಅಂತ ಅವರಿಗೆ ಗೊತ್ತು. ಆದ್ದರಿಂದ ನಿಜ ಹೇಳುತ್ತಾರೆ.

ಪ್ಯಾಕೆಟ್ ಸಾಮಾನಿನಲ್ಲಿ ಇಲ್ಲಿ ರಿಯಾಯಿತಿ ಸಿಗುವುದು ಕಡಿಮೆ, ಎಂಆರ್‌ಪಿಗೇ ಕೊಡುತ್ತಾರೆ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಅದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವಂತಿಲ್ಲ. ತಂಪು ಮಾಡಿದ್ದಕ್ಕೆ ಎರಡು ರೂಪಾಯಿ ಅಂತ ಕೇಳಿದರೂ ಕೊಡಬೇಡಿ. ಚಿಲ್ಲರೆ ಬದಲು ಚಾಕೊಲೇಟ್ ಕೊಡುವ ಕಾಟ ಯುಪಿಐ ಬಂದ ಮೇಲೆ ತೀರಿತು. ನನ್ನ ಅಡುಗೆಮನೆಯ ಡಬ್ಬಿಯಲ್ಲಿ ಒಂದು ಕಾಲದಲ್ಲಿ ಅಂಥ ನಲವತ್ತು ಚಾಕೊಲೇಟ್ ಸೇರಿದ್ದವು. ಒಂದು ದಿನ ಅದೇ ಅಂಗಡಿಗೆ ಒಯ್ದು, "ಇದನ್ನೇ ಹಿಡ್ಕೊಂಡು ಸಕ್ಕರೆ ಕೊಡಿ" ಅಂದೆ. ಅವರು ನಕ್ಕು, ಎಣಿಸಿ, ಕೊಟ್ಟೇಬಿಟ್ಟರು!

ವಯಸ್ಸಾದ ಅಪ್ಪ ಅಮ್ಮ ಮಾತ್ರ ಇರುವ ಮನೆಗೆ ಇಂಥ ಒಂದು ಅಂಗಡಿಯ ಪರಿಚಯ ಇರಲೇಬೇಕು. ಫೋನಿನಲ್ಲಿ ಕನ್ನಡದಲ್ಲೇ ಪಟ್ಟಿ ಹೇಳಬಹುದು. ಹುಡುಗ ತಂದು ಒಳಗಿಟ್ಟು ಹೋಗುತ್ತಾನೆ. ತಿಂಗಳ ಕೊನೆಗೆ ಪುಸ್ತಕ ನೋಡಿ ದುಡ್ಡು ಕೊಡಬಹುದು. ಆದರೆ ಪುಸ್ತಕದಲ್ಲಿ ಬರೆಸುವುದಾದರೆ ನೀವೂ ಮನೆಯಲ್ಲಿ ಒಂದು ಕಡೆ ಬರೆದಿಡಿ. ಎರಡೂ ತಾಳೆ ಬಿದ್ದರೆ ಸಂಬಂಧ ಕೆಡುವುದಿಲ್ಲ.

ಸೂಪರ್ ಮಾರ್ಕೆಟ್

ಎಣ್ಣೆ, ಸೋಪು, ಡಿಟರ್ಜೆಂಟ್, ಟೂತ್‌ಪೇಸ್ಟ್, ಕಾಫಿ ಪುಡಿ. ತಿಂಗಳಿಗೊಮ್ಮೆ ತರುವ, ಕೆಡದ, ಎಂಆರ್‌ಪಿ ಇರುವ ಸಾಮಾನಿಗೆ ಇದು ಒಳ್ಳೆಯದು. ರಿಯಾಯಿತಿ ನಿಜವಾಗಿಯೂ ಸಿಗುತ್ತದೆ. ನಾಲ್ಕೈದು ಜನರ ಮನೆಯಾದರೆ ಉಳಿತಾಯ ಕಣ್ಣಿಗೆ ಕಾಣುತ್ತದೆ.

ಎರಡು ಎಚ್ಚರಿಕೆ. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅಲ್ಲ. ಪ್ಯಾಕೆಟ್ ಮೇಲೆ ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಇಷ್ಟು ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಅದನ್ನು ಹೋಲಿಸಿ. ಎರಡನೆಯದು ಬಿಲ್. ಒಮ್ಮೆ ಒಂದು ಮಳಿಗೆಯಲ್ಲಿ ತುಪ್ಪದ ಮುಂದೆ ಒಂದು ದರ ಅಂಟಿಸಿದ್ದರು, ಬಿಲ್ಲಿನಲ್ಲಿ 35 ರೂಪಾಯಿ ಜಾಸ್ತಿ ಬಂದಿತ್ತು. ನೋಡಿದ್ದು ಮನೆಗೆ ಬಂದ ಮೇಲೆ. ಮರುದಿನ ಹೋದರೆ, ಆಫರ್ ನಿನ್ನೆಗೆ ಮುಗಿಯಿತು ಅಂದರು. ನಾನು ಕೊಂಡದ್ದೇ ನಿನ್ನೆ ಅಂತ ಬಿಲ್ ತೋರಿಸಿ, ಮುಕ್ಕಾಲು ಗಂಟೆ ನಿಂತ ಮೇಲೆ ದುಡ್ಡು ವಾಪಸ್ ಬಂತು. ಅವತ್ತಿನಿಂದ ಕೌಂಟರ್ ಬಿಡುವ ಮೊದಲೇ ಬಿಲ್ ಓದುತ್ತೇನೆ. ಹಿಂದೆ ನಿಂತವರು ಗೊಣಗಿದರೂ ಪರವಾಗಿಲ್ಲ. ಇಂಥ ಕಡೆ ಮಾತು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಬಿಲ್ ಮಾತ್ರ ಕೈಯಲ್ಲಿರಬೇಕು.

ಬೇಡದ ಸಾಮಾನು ಬರುವುದರಲ್ಲಿ ಈ ಜಾಗವೇ ಮೊದಲು. "ಒಂದು ಕೊಂಡರೆ ಒಂದು ಉಚಿತ" ಅಂತ ಕಂಡರೆ ಮೊದಲು ಕೊನೆಯ ದಿನಾಂಕ ನೋಡಿ. ಹಸಿದ ಹೊಟ್ಟೆಯಲ್ಲಿ, ಪಟ್ಟಿ ಇಲ್ಲದೆ, ಭಾನುವಾರ ಸಂಜೆ ಹೋಗಬೇಡಿ. ಬಟ್ಟೆ ಚೀಲ ಮನೆಯಿಂದಲೇ ಒಯ್ಯಿರಿ.

ಹತ್ತು ನಿಮಿಷದ ಆಪ್

ಇದನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಮಗುವಿಗೆ ರಾತ್ರಿ ಒಂಬತ್ತಕ್ಕೆ ಜ್ವರ ಬಂದಾಗ ಎಳನೀರು, ಬ್ರೆಡ್ ತಂದುಕೊಟ್ಟದ್ದು ಇದೇ. ಮೊದಲ ತಿಂಗಳ ಬಾಣಂತಿ, ಕಾಲು ಮುರಿದು ಮಲಗಿದವರು, ಒಂಟಿಯಾಗಿರುವ ಹಿರಿಯರು, ಇವರಿಗೆಲ್ಲ ಇದು ದೊಡ್ಡ ಆಸರೆ.

ಆದರೆ ಖರ್ಚಿನ ಲೆಕ್ಕ ನೋಡಿ. 30 ರೂಪಾಯಿಯ ಹಸಿಮೆಣಸಿನಕಾಯಿ, ಕೊತ್ತಂಬರಿಗೆ ಡೆಲಿವರಿ ಶುಲ್ಕ, ಹ್ಯಾಂಡ್ಲಿಂಗ್ ಶುಲ್ಕ, ಸಣ್ಣ ಆರ್ಡರಿನ ಶುಲ್ಕ ಸೇರುತ್ತವೆ. ಮಳೆ ಬಂದರೆ ಮತ್ತೊಂದು. ಅದನ್ನು ತಪ್ಪಿಸಲು ಇನ್ನಷ್ಟು ಸಾಮಾನು ಸೇರಿಸಿ ಅಂತ ಆಪ್ ಹೇಳುತ್ತದೆ. ಸೇರಿಸುತ್ತೇವೆ. ತಂಗಿಯ ಸಾಸ್ ಬಾಟಲಿಗಳಲ್ಲಿ ಎರಡು ಹೀಗೆ ಬಂದವು. ಅವಳು ಒಂದು ತಿಂಗಳ ಆರ್ಡರ್ ತೆಗೆದು ನೋಡಿದಾಗ ಹತ್ತೊಂಬತ್ತು ಸಲ ತರಿಸಿದ್ದಳು.

ತರಕಾರಿಯಲ್ಲಿ ಇನ್ನೊಂದು ತೊಡಕು ಹೆಸರಿನದ್ದು. ನಮ್ಮತ್ತೆ ಹೀರೆಕಾಯಿ ಬಜ್ಜಿ ಮಾಡಬೇಕು ಅಂದಿದ್ದರು. ನಾನು ಇಂಗ್ಲಿಷ್ ಹೆಸರು ಹುಡುಕಿ ಒತ್ತಿದೆ. ಬಂದದ್ದು ತುಪ್ಪದ ಹೀರೆಕಾಯಿ. ಇನ್ನೊಂದು ಸಲ ಹುಳಿಗೆ ಮಂಗಳೂರು ಸೌತೆ ಬೇಕಿತ್ತು, ಸಲಾಡಿಗೆ ಹಾಕುವ ಸೌತೆಕಾಯಿ ಬಂತು. ಸೊಪ್ಪಿನಲ್ಲಂತೂ ದಂಟು, ಹರಿವೆ, ಕೀರೆ ಎಲ್ಲವೂ ಅಲ್ಲಿ ಒಂದೇ ಇಂಗ್ಲಿಷ್ ಹೆಸರಿನಡಿ ಇರುತ್ತವೆ. ಯಾವುದು ಬರುತ್ತದೋ ಅದರ ಹುಳಿ. ಹೂಕೋಸು "ಒಂದು" ಅಂತ ಇದ್ದರೆ ಪಕ್ಕದಲ್ಲಿ ಎಷ್ಟು ಗ್ರಾಂ ಅಂತ ನೋಡಿ. ಫೋಟೋದಲ್ಲಿ ಎಲ್ಲ ಹೂಕೋಸೂ ಒಂದೇ ಗಾತ್ರ.

ಒಂದು ವಿಷಯದಲ್ಲಿ ಆಪ್ ಗೆಲ್ಲುತ್ತದೆ. ಕೆಟ್ಟ ಮಾಲು ಬಂದರೆ ಫೋಟೋ ತೆಗೆದು ಕಳಿಸಿದರೆ ಸಾಮಾನ್ಯವಾಗಿ ದುಡ್ಡು ವಾಪಸ್ ಕೊಡುತ್ತಾರೆ, ವಾದ ಮಾಡಬೇಕಿಲ್ಲ. ಆದರೆ ಬಂದ ತಕ್ಷಣ ಬಿಚ್ಚಿ ನೋಡಬೇಕು.

ಹಾಗಾದರೆ ಯಾರಿಗೆ ಯಾವುದು?

ಒಂದೇ ಕಡೆ ಎಲ್ಲ ತರಲು ಹೋಗುವುದೇ ತಪ್ಪು ಅಂತ ನನ್ನ ಅಭಿಪ್ರಾಯ. ಜಾಗ ಆರಿಸುವ ಮೊದಲು ಪಟ್ಟಿಯನ್ನು ಮೂರು ಪಾಲು ಮಾಡಿ. ಮುಟ್ಟಿ ನೋಡಿ ತರಬೇಕಾದ್ದು: ಸೊಪ್ಪು, ತರಕಾರಿ, ಹಣ್ಣು, ಅಕ್ಕಿ, ಬೇಳೆ. ಹೆಸರು ನೋಡಿ ತರುವಂಥದ್ದು: ಎಣ್ಣೆ, ಸೋಪು, ಉಪ್ಪು. ಮರೆತದ್ದು, ತುರ್ತಿನದ್ದು. ಮೊದಲನೆಯದಕ್ಕೆ ಗಾಡಿ, ಹಾಪ್‌ಕಾಮ್ಸ್, ಬೀದಿಯ ಅಂಗಡಿ. ಎರಡನೆಯದಕ್ಕೆ ತಿಂಗಳಿಗೊಮ್ಮೆ ಸೂಪರ್ ಮಾರ್ಕೆಟ್. ಮೂರನೆಯದಕ್ಕೆ ಮಾತ್ರ ಆಪ್.

ಒಬ್ಬರೇ ರೂಮಿನಲ್ಲಿರುವ ಹುಡುಗ ಹುಡುಗಿಯರಿಗೆ ಸೂಪರ್ ಮಾರ್ಕೆಟ್ಟಿನ ದೊಡ್ಡ ಪ್ಯಾಕೆಟ್ ಬೇಡ. ಕಾಲು ಕೆಜಿ ಬೇಳೆ, ಎರಡು ಈರುಳ್ಳಿ ಕೊಡುವ ಬೀದಿಯ ಅಂಗಡಿಯೇ ಅಗ್ಗ. ಆರೇಳು ಜನರ ಮನೆಯಲ್ಲಿ ಬಜೆಟ್ ಬಿಗಿಯಾಗಿದ್ದರೆ ಹದಿನೈದು ದಿನಕ್ಕೊಮ್ಮೆ ಮಾರ್ಕೆಟ್ಟಿಗೆ ಹೋಗಿ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ತೆಂಗಿನಕಾಯಿ ತಂದುಬಿಡಿ. ಅವು ಬೇಗ ಕೆಡುವುದಿಲ್ಲ. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ದಾಟಿದಾಗ ಎಲ್ಲಿಗೆ ಹೋದರೂ ದುಬಾರಿಯೇ ಆಗಿತ್ತು. ಅಂಥ ಹೊತ್ತಿನಲ್ಲಿ ಅಂಗಡಿ ಬದಲಿಸುವುದಕ್ಕಿಂತ ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕುವುದು ಮೇಲು.

ನನ್ನ ತಂಗಿ ಈಗ ಶನಿವಾರ ಬೆಳಿಗ್ಗೆ ಹಾಪ್‌ಕಾಮ್ಸ್‌ಗೆ ನಡೆದು ಹೋಗುತ್ತಾಳೆ. ನಾಲ್ಕು ದಿನಕ್ಕಾಗುವಷ್ಟು ಮಾತ್ರ ತರುತ್ತಾಳೆ. ಸೊಪ್ಪು ಗಾಡಿಯಿಂದ. ಆಪ್ ಫೋನಿನಲ್ಲಿದೆ, ಆದರೆ ಮೊದಲ ಪರದೆಯಿಂದ ತೆಗೆದಿದ್ದಾಳೆ. ಮೊನ್ನೆ ಮತ್ತೆ ಫೋನ್ ಬಂತು. "ಅಕ್ಕಾ, ವರಮಹಾಲಕ್ಷ್ಮಿ ಹಬ್ಬಕ್ಕೆ ಹೂವು ಯಾವಾಗ ತರಲಿ?" ಸೇವಂತಿಗೆಯನ್ನು ಎರಡು ದಿನ ಮೊದಲೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡು, ತಡೆಯುತ್ತದೆ ಅಂದೆ. ಮಲ್ಲಿಗೆ, ಕನಕಾಂಬರ ಮಾತ್ರ ಹಿಂದಿನ ಸಂಜೆ. ಅವತ್ತು ಬೆಲೆ ಎಷ್ಟು ಹೇಳಿದರೂ ಕೊಡಬೇಕಾಗುತ್ತದೆ, ಒಂದು ಮೊಳ ಕಡಿಮೆ ತಗೋ.